ಉಣ್ಣಲಾಗದ ಊಟ

ಒಂದು ಭಾನುವಾರ ಪೂಜೆ ಮುಗಿದ ಮೇಲೆ, ಜನರೆಲ್ಲ ಚದುರಿದ್ದರೂ ಒಬ್ಬರು ಮಾತ್ರ ಗುರುನಿವಾಸದ ಜಗುಲಿಯಲ್ಲಿ ನಿಂತೇ ಇದ್ದರು. ಐವತ್ತು ದಾಟಿದ ವಯಸ್ಸು. ಕಡೂರು ಸೀಮೆಯಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಅಡುಗೆ ಕಂಟ್ರಾಕ್ಟು ಹಿಡಿಯುವುದು ಅವರ ಕಸುಬು. ಬೀರೂರು, ತರೀಕೆರೆಯ ಕಡೆಯ ಏಳೆಂಟು ಮಂದಿ ಅವರ ಕೈಕೆಳಗೆ ದುಡಿಯುತ್ತಾರೆ. ಕೂರಿಸಿ ಕಾಫಿ ಕೊಟ್ಟೆ. ಲೋಟ ಕೈಯಲ್ಲೇ ಹಿಡಿದುಕೊಂಡು ಅವರು ಕೇಳಿದರು: “ಸ್ವಾಮಿ, ಯಾರೂ ಉಣ್ಣದ ಅಡುಗೆ ಮಾಡಿದರೆ ಪಾಪ ಬರುತ್ತಾ?”

ಇದು ಪಾಪನಿವೇದನೆಯ ಪೀಠದಲ್ಲಿ ನಡೆದ ಮಾತಲ್ಲ. ಜಗುಲಿಯಲ್ಲಿ ನಡೆದದ್ದು. ಅವರ ಒಪ್ಪಿಗೆ ಪಡೆದೇ, ಹೆಸರು ಹೇಳದೆ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿಯ ಕಡೆ ಹಾಡು ಚಿತ್ರೀಕರಿಸಲು ಬಂದ ತಂಡವೊಂದು, ಅಜ್ಜಂಪುರದ ಕಡೆಯ ಹಳ್ಳಿಯೊಂದರ ಹಳೆಯ ತೊಟ್ಟಿಮನೆಯಲ್ಲಿ ಮದುವೆ ಊಟದ ದೃಶ್ಯವನ್ನೂ ತೆಗೆಯಬೇಕೆಂದುಕೊಂಡಿತು. ಅರವತ್ತು ಎಲೆಯ ಪಂಕ್ತಿ. ಎರಡು ದಿನದ ಕೆಲಸ. ತಂಡದವರು ಉಣ್ಣುವ ಊಟ ಬೇರೆ, ಅದನ್ನು ಅವರದೇ ಜನ ಮಾಡಿಕೊಳ್ಳುತ್ತಿದ್ದರು. ನಮ್ಮವರು ಮಾಡಬೇಕಾಗಿದ್ದದ್ದು ಕ್ಯಾಮೆರಾ ನೋಡುವ ಊಟ. ಒಪ್ಪಿಕೊಂಡರು. ಕೂಲಿ ಚೆನ್ನಾಗಿತ್ತು, ಮುಂಗಡವನ್ನೂ ಕೊಟ್ಟರು, ಮಾತಿನಂತೆ ಬಾಕಿಯನ್ನೂ ಚುಕ್ತಾ ಮಾಡಿದರು. ಆ ತಂಡದ ಮೇಲೆ ಅವರಿಗೆ ಯಾವ ದೂರೂ ಇಲ್ಲ. ದೂರು ಇದ್ದದ್ದು ತಮ್ಮ ಮೇಲೆಯೇ.

“ಅನ್ನದ ಮೇಲೆ ಗ್ಲಿಸರಿನ್ ಸಿಂಪಡಿಸಿದೆ ಸ್ವಾಮಿ. ಪಲ್ಯ ಹೊಳೆಯಲಿ ಅಂತ ಹೊಲಿಗೆ ಮಿಷನ್ನಿನ ಎಣ್ಣೆ ಸವರಿದೆ. ಎರಡನೇ ದಿನ ಸಂಜೆ ಎಲ್ಲಾ ಮುಗೀತು. ಹಗ್ಗದ ಆಚೆ ಶೂಟಿಂಗ್ ನೋಡೋಕೆ ಹಳ್ಳಿ ಮಕ್ಕಳು ನಿಂತಿದ್ದವು. ಆರೇಳು ವರ್ಷದ ಹುಡುಗಿ, ತಮ್ಮನ ಕೈ ಹಿಡ್ಕೊಂಡು ಬಂದು ‘ಮಾಮ, ನಮಗೆ ಊಟ ಯಾವಾಗ ಹಾಕ್ತೀರ?’ ಅಂತು. ಇದು ಉಣ್ಣೋ ಊಟ ಅಲ್ಲ ಮಗಾ ಅಂದೆ. ಅದಕ್ಕೆ ಅರ್ಥ ಆಗಲಿಲ್ಲ. ಮನೆ ಹಿಂದೆ ಗುಂಡಿ ತೋಡಿದ್ವಿ. ಅದರ ಕಣ್ಣೆದುರೇ ಅನ್ನ ಸುರಿದು ಮಣ್ಣು ಮುಚ್ಚಿದ್ವಿ. ಮೂವತ್ತು ವರ್ಷ ಒಲೆ ಮುಂದೆ ನಿಂತಿದ್ದೀನಿ. ಯಾವತ್ತೂ ಹೀಗೆ ಅನ್ನಿಸಿರಲಿಲ್ಲ.”

ಆ ಕ್ಷಣಕ್ಕೆ ನಾನು ಹೇಳಿದ ಉತ್ತರ ನನಗೇ ಸಮಾಧಾನ ತರಲಿಲ್ಲ. ಆದುದರಿಂದ ಆ ಪ್ರಶ್ನೆಯನ್ನು ನಿಮ್ಮೊಡನೆ ಇನ್ನೊಮ್ಮೆ ಯೋಚಿಸಲು ಕುಳಿತಿದ್ದೇನೆ.

ಕ್ಯಾಮೆರಾದ ಹಸಿವು

ಮೊದಲು ಈ ಕೆಲಸ ಎಂತಹುದು ಎಂದು ತಿಳಿಯೋಣ. ನಮ್ಮ ಮನೆಯ ಊಟ ಹತ್ತು ನಿಮಿಷ ಚೆನ್ನಾಗಿ ಕಂಡರೆ ಸಾಕು, ಅಷ್ಟರಲ್ಲಿ ಅದು ಹೊಟ್ಟೆ ಸೇರಿರುತ್ತದೆ. ಚಿತ್ರೀಕರಣದ ಊಟ ಗಂಟೆಗಟ್ಟಲೆ ಹಾಗೆಯೇ ಕಾಣಬೇಕು. ಬಿಸಿ ಅನ್ನ ಬಡಿಸಿದರೆ ಬಾಳೆ ಎಲೆ ಬಾಡುತ್ತದೆ, ಆದ್ದರಿಂದ ಆರಿದ ಅನ್ನವನ್ನೇ ಬಡಿಸುತ್ತಾರೆ. ತರಕಾರಿ ಪೂರ್ತಿ ಬೆಂದರೆ ಬಣ್ಣ ಕಳೆದುಕೊಳ್ಳುತ್ತದೆ, ಆದ್ದರಿಂದ ಅರೆಬೇಯಿಸಿ ಎಣ್ಣೆ ಸವರುತ್ತಾರೆ. ಲಾಡಿನ ಬೆಟ್ಟದ ಒಳಗೆ ರಟ್ಟು ಅಥವಾ ಥರ್ಮೋಕೋಲ್, ಹೊರಗೆ ಮಾತ್ರ ಒಂದು ಪದರ ಲಾಡು. ಆವಿ ಬೇಕೆಂದರೆ ಬಿಸಿನೀರಲ್ಲಿ ಅದ್ದಿದ ಹತ್ತಿಯನ್ನು ಬಟ್ಟಲಿನ ಹಿಂದೆ ಅಡಗಿಸುತ್ತಾರೆ. ಐಸ್‌ಕ್ರೀಮ್ ದೀಪದ ಶಾಖಕ್ಕೆ ಕರಗುವುದರಿಂದ ಅದರ ಬದಲು ಹಿಸುಕಿದ ಆಲೂಗೆಡ್ಡೆಯನ್ನು ಇಟ್ಟದ್ದುಂಟು. ಕುಡುಕನ ಲೋಟದಲ್ಲಿರುವುದು ಸಾಮಾನ್ಯವಾಗಿ ಹಾಲಿಲ್ಲದ ತಿಳಿ ಚಹಾ.

ಇದರ ಮೇಲೆ ‘ಕಂಟಿನ್ಯೂಟಿ’ ಎಂಬ ಇನ್ನೊಂದು ಕಟ್ಟುಪಾಡು. ಒಂದೇ ದೃಶ್ಯವನ್ನು ನಾಲ್ಕಾರು ಸಲ, ಬೇರೆ ಬೇರೆ ಕೋನದಿಂದ ತೆಗೆಯುತ್ತಾರೆ. ನಟ ಹೋಳಿಗೆ ಮುರಿದರೆ ಮುಂದಿನ ಸಲಕ್ಕೆ ಅಂತಹುದೇ ಹೋಳಿಗೆ, ಅದೇ ಜಾಗದಲ್ಲಿ, ಅಷ್ಟೇ ದುಂಡಗೆ ಇರಬೇಕು. ಹೀಗಾಗಿ ಒಂದು ಎಲೆಯ ಊಟಕ್ಕೆ ಐದಾರು ಎಲೆಯ ಅಡುಗೆ ಸಿದ್ಧವಾಗಿರುತ್ತದೆ. ನಟರು ನಿಜವಾಗಿ ಬಾಯಿಗೆ ಹಾಕಿಕೊಳ್ಳುವ ಪದಾರ್ಥವನ್ನು ಮಾತ್ರ ಶುದ್ಧವಾಗಿ, ಬೇರೆಯಾಗಿ ಮಾಡಿ ಇಡುತ್ತಾರೆ.

ನಾಟಕದ ರಂಗದಲ್ಲಿ ಇಷ್ಟೆಲ್ಲ ಬೇಕಿಲ್ಲ. ಅಜ್ಜಂಪುರಕ್ಕೆ ಹತ್ತಿರವೇ ಇರುವ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಿಂದ ‘ಶಿವಸಂಚಾರ’ದ ಕಲಾವಿದರು ಊರೂರಿಗೆ ನಾಟಕ ಒಯ್ಯುತ್ತಿರುವುದನ್ನು ನೀವು ಬಲ್ಲಿರಿ. ರಂಗದ ಮೇಲೆ ನಟ ಬರಿದಾದ ತಟ್ಟೆಯಿಂದ ತುತ್ತು ಎತ್ತಿದರೂ ನಮಗೆ ಊಟ ಕಾಣುತ್ತದೆ, ಉಳಿದದ್ದನ್ನು ನಮ್ಮ ಮನಸ್ಸೇ ಬಡಿಸಿಕೊಳ್ಳುತ್ತದೆ. ಕ್ಯಾಮೆರಾ ಹಾಗಲ್ಲ. ಅದು ಎಲೆಯ ಹತ್ತಿರಕ್ಕೆ ಬಂದು ಬಗ್ಗಿ ನೋಡುತ್ತದೆ.

ಇದು ಸುಳ್ಳೇ?

ಹಾಗಾದರೆ ಇದೆಲ್ಲ ಮೋಸವೇ? ಸಂತ ಅಗಸ್ಟೀನರು ಈ ಪ್ರಶ್ನೆಗೆ ಬಹಳ ಹತ್ತಿರ ಬಂದಿದ್ದರು. ಅವರ ಆರಂಭದ ಕೃತಿಗಳಲ್ಲಿ ಒಂದಾದ ‘ಆತ್ಮಸಂವಾದ’ದಲ್ಲಿ ರೋಸ್ಕಿಯಸ್ ಎಂಬ ರೋಮನ್ ನಟನ ಮಾತು ಬರುತ್ತದೆ. ಆತ ರಂಗದ ಮೇಲೆ ರಾಣಿಯ ವೇಷ ಹಾಕಿದಾಗ ಅವನು ಸುಳ್ಳು ರಾಣಿ. ಆದರೆ ಸುಳ್ಳು ರಾಣಿಯಾಗಿರುವುದರಿಂದಲೇ ಅವನು ನಿಜವಾದ ನಟ. ಕೆಲವು ವಸ್ತುಗಳು ತಮ್ಮ ನಿಜವನ್ನು ಮೆರೆಯಬೇಕಾದರೆ ಇನ್ನೊಂದು ರೀತಿಯಲ್ಲಿ ಸುಳ್ಳಾಗಲೇಬೇಕು ಎಂಬುದನ್ನು ಅವರು ಅಲ್ಲಿ ಗುರುತಿಸುತ್ತಾರೆ. ಸುಳ್ಳುಗಾರನಿಗೆ ಮೋಸ ಮಾಡುವ ಬಯಕೆ ಇರುತ್ತದೆ. ನಟನಿಗೆ ಅಂತಹ ಬಯಕೆಯಿಲ್ಲ. ನೋಡುವವನಿಗೂ ಅದು ಗೊತ್ತು, ಆಡುವವನಿಗೂ ಗೊತ್ತು.

ನಮ್ಮ ನಾಡಿನ ಚಿಂತನೆಯಲ್ಲೂ ಕಲೆಗೂ ಅಡುಗೆಗೂ ಹಳೆಯ ನಂಟಿದೆ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ‘ರಸ’ ಎಂದರೇನೆಂದು ವಿವರಿಸಲು ಭರತಮುನಿ ಆರಿಸಿಕೊಳ್ಳುವುದು ಊಟದ ಹೋಲಿಕೆಯನ್ನೇ. ಹಲವು ವ್ಯಂಜನಗಳು ಕೂಡಿ ರುಚಿ ಹುಟ್ಟುವಂತೆ, ಹಲವು ಭಾವಗಳು ಕೂಡಿ ರಸ ಹುಟ್ಟುತ್ತದೆ ಎಂಬುದು ಅವರ ಮಾತಿನ ಸಾರ.

ಇನ್ನು ಚಾರ್ಲಿ ಚಾಪ್ಲಿನ್. 1925ರ ‘ದಿ ಗೋಲ್ಡ್ ರಷ್’ ಚಿತ್ರದಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ಹಸಿದ ಮನುಷ್ಯ ತನ್ನ ಬೂಟನ್ನೇ ಬೇಯಿಸಿ ತಿನ್ನುತ್ತಾನೆ. ಬೂಟಿನ ದಾರವನ್ನು ಶ್ಯಾವಿಗೆಯಂತೆ ಸುತ್ತಿಕೊಂಡು ಬಾಯಿಗಿಡುತ್ತಾನೆ. ಆ ಬೂಟು ಅತಿಮಧುರದ ಮಿಠಾಯಿಯಿಂದ ಮಾಡಿದ್ದು. ಇಲ್ಲಿ ತಿನ್ನಲಾಗದ್ದನ್ನು ತಿನಿಸಿನಿಂದ ಮಾಡಿದ್ದರು, ಅಜ್ಜಂಪುರದಲ್ಲಿ ತಿನಿಸನ್ನೇ ತಿನ್ನಲಾಗದಂತೆ ಮಾಡಿದ್ದರು. ಬಾಲ್ಯದಲ್ಲಿ ಲಂಡನ್ನಿನ ಬಡವರ ಆಶ್ರಯಗೃಹ ಸೇರಿದ್ದ ಚಾಪ್ಲಿನ್ನರಿಗೆ ಹಸಿವು ಹೊಸದಾಗಿರಲಿಲ್ಲ. ಆ ಸುಳ್ಳು ಬೂಟು ಹಸಿವಿನ ಬಗ್ಗೆ ಹೇಳಿದ್ದು ಸತ್ಯವನ್ನೇ. 1957ರ ‘ಮಾಯಾಬಜಾರ್’ನಲ್ಲಿ ಎಸ್.ವಿ. ರಂಗರಾವ್ ಅವರ ಘಟೋತ್ಕಚ ಮದುವೆಯ ಊಟವನ್ನೆಲ್ಲ ಒಬ್ಬನೇ ಕಬಳಿಸುವುದನ್ನು ಕಂಡು ನಗದವರು ಯಾರಿದ್ದಾರೆ? ಯಾರೂ ಮೋಸಹೋಗಲಿಲ್ಲ, ಎಲ್ಲರೂ ಸಂತೋಷಪಟ್ಟರು.

ಅದೇ ಕೈಚಳಕ ಮಾರಾಟಕ್ಕೆ ಇಳಿದಾಗ ಮಾತು ಬೇರೆ. 1970ರ ಸುಮಾರಿಗೆ ಅಮೆರಿಕದಲ್ಲಿ ಸೂಪಿನ ಕಂಪನಿಯೊಂದರ ಜಾಹೀರಾತು ಸರ್ಕಾರದ ಆಕ್ಷೇಪಕ್ಕೆ ಗುರಿಯಾಯಿತು. ಬಟ್ಟಲಿನ ತಳದಲ್ಲಿ ಗಾಜಿನ ಗೋಲಿಗಳನ್ನು ಹಾಕಿ, ತರಕಾರಿ ಚೂರುಗಳೆಲ್ಲ ಮೇಲೆ ತೇಲಿ ಸೂಪು ಗಟ್ಟಿಯಾಗಿ ಕಾಣುವಂತೆ ಮಾಡಿದ್ದರು. ಅಲ್ಲಿ ನೋಡುವವನು ಆಟದ ಒಳಗಿಲ್ಲ. ಅವನು ಅಂಗಡಿಗೆ ಹೋಗಿ ಹಣ ತೆರುತ್ತಾನೆ. ನಮ್ಮ ದೇಶದಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ಅದರಡಿ 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಗಳು ದಾರಿ ತಪ್ಪಿಸುವ ಜಾಹೀರಾತನ್ನು ತಡೆಯಲೆಂದೇ ಇವೆ. ಗೋಲಿಗೂ ಗ್ಲಿಸರಿನ್‌ಗೂ ವ್ಯತ್ಯಾಸವಿರುವುದು ವಸ್ತುವಿನಲ್ಲಲ್ಲ, ನೋಡುವವನೊಡನೆ ನಾವು ಮಾಡಿಕೊಂಡ ಒಪ್ಪಂದದಲ್ಲಿ.

ಹೀಗೆ ನಮ್ಮ ಅಡುಗೆಯವರಿಗೆ ಅರ್ಧ ಉತ್ತರ ಸಿಕ್ಕಿತು: ನೀವು ಸುಳ್ಳು ಹೇಳಿಲ್ಲ. ಆದರೆ ಅವರನ್ನು ಕಾಡುತ್ತಿದ್ದದ್ದು ಸಿನಿಮಾ ನೋಡುವವರ ಮಾತಲ್ಲ. ಹಗ್ಗದ ಆಚೆ ನಿಂತಿದ್ದ ಹುಡುಗಿ.

ಎರಡು ಅಧ್ಯಾಯಗಳ ನಡುವೆ

ಈಗ ಪೋಲಿನ ಪ್ರಶ್ನೆ. ಇಲ್ಲಿ ಅವಸರದ ತೀರ್ಪು ಬೇಡ. ಚಿತ್ರಕಾರ ಬಣ್ಣ ಬಳಸುತ್ತಾನೆ, ಬಡಗಿ ಮರ ಬಳಸುತ್ತಾನೆ. ಹಾಗೆಯೇ ಸಿನಿಮಾದವರು ಅಕ್ಕಿ ಬಳಸಿದರೆ ತಪ್ಪೇನು? ಆ ಎರಡು ದಿನ ಎಂಟು ಮಂದಿಯ ಮನೆಗೆ ಕೂಲಿ ಬಂತು, ಅಂಗಡಿಯವನಿಗೆ ವ್ಯಾಪಾರವಾಯಿತು. ಇದೂ ನಿಜವೇ.

ಯೊವಾನ್ನರ ಶುಭಸಂದೇಶದಲ್ಲಿ ಆರು ಅಧ್ಯಾಯಗಳ ಅಂತರದಲ್ಲಿ ಎರಡು ಪ್ರಸಂಗಗಳಿವೆ. ಆರನೆಯ ಅಧ್ಯಾಯದಲ್ಲಿ ಐದು ರೊಟ್ಟಿಯನ್ನು ಐದು ಸಾವಿರ ಜನರಿಗೆ ಹಂಚಿದ ಮೇಲೆ ಪ್ರಭು ಕ್ರಿಸ್ತರು, ಉಳಿದ ಚೂರುಗಳನ್ನು ಯಾವುದೂ ಹಾಳಾಗದಂತೆ ಆಯ್ದು ಕೂಡಿಸಲು ಶಿಷ್ಯರಿಗೆ ಹೇಳುತ್ತಾರೆ. ಹನ್ನೆರಡು ಬುಟ್ಟಿ ತುಂಬುತ್ತದೆ. ರೊಟ್ಟಿಯನ್ನು ಎಷ್ಟು ಬೇಕಾದರೂ ಹೆಚ್ಚಿಸಬಲ್ಲವರು ಚೂರಿನ ಲೆಕ್ಕ ಕೇಳಿದರು! ಹನ್ನೆರಡನೆಯ ಅಧ್ಯಾಯದಲ್ಲಿ ಬೆಥಾನಿಯ ಮರಿಯ ಮುನ್ನೂರು ದಿನದ ಕೂಲಿಗೆ ಸಮನಾದ ಸುಗಂಧತೈಲವನ್ನು ಅವರ ಪಾದಕ್ಕೆ ಸುರಿಯುತ್ತಾಳೆ. ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಯೂದನು ಆಕ್ಷೇಪಿಸಿದಾಗ ಪ್ರಭು ಅವಳ ಪರವಾಗಿ ನಿಲ್ಲುತ್ತಾರೆ.

ಒಂದು ಕಡೆ ಚೂರಿಗೂ ಲೆಕ್ಕ, ಇನ್ನೊಂದು ಕಡೆ ಮುನ್ನೂರು ದಿನದ ಕೂಲಿಗೂ ಲೆಕ್ಕವಿಲ್ಲ. ಹೊಟ್ಟೆಗೆ ಹೋಗದ್ದೆಲ್ಲ ಪೋಲಲ್ಲ ಎಂಬುದು ಹನ್ನೆರಡನೆಯ ಅಧ್ಯಾಯದ ಪಾಠ. ಸೌಂದರ್ಯಕ್ಕೆ, ಪ್ರೀತಿಗೆ, ಹಬ್ಬಕ್ಕೆ ಮಾಡುವ ಖರ್ಚನ್ನು ಯೂದನ ಲೆಕ್ಕದ ಪುಸ್ತಕದಿಂದ ಅಳೆಯಬಾರದು. ಆದರೆ ತೈಲವೂ ರೊಟ್ಟಿಯೂ ಒಂದೇ ಅಲ್ಲ. ತೈಲಕ್ಕಾಗಿ ಯಾರೂ ಹಸಿಯುವುದಿಲ್ಲ.

ಅನ್ನ ಬರಿಯ ವಸ್ತುವಲ್ಲ, ಅದು ಒಂದು ಮಾತು. ಎಲೆ ಹಾಕಿ ಬಡಿಸಿದರೆ ಆ ಎಲೆ ‘ಬಾ, ಕೂತುಕೋ’ ಎನ್ನುತ್ತದೆ. ಯಾವ ಭಾಷೆಯವರಿಗೂ, ಯಾವ ವಯಸ್ಸಿನವರಿಗೂ ಅದು ಅರ್ಥವಾಗುತ್ತದೆ. ಟಿಕೆಟು ಕೊಂಡು ಸಿನಿಮಾ ನೋಡುವವನಿಗೆ ಅದು ಆಟವೆಂದು ಗೊತ್ತು. ಹಗ್ಗದ ಆಚೆಯ ಮಗುವಿನೊಡನೆ ಮಾತ್ರ ಯಾರೂ ಒಪ್ಪಂದ ಮಾಡಿಕೊಂಡಿರಲಿಲ್ಲ. ಎರಡು ದಿನ ಅರವತ್ತು ಎಲೆಗಳು ಅದನ್ನು ಕರೆದವು. ಮೂರನೆಯ ಮಾತಾಗಿ ಗುಂಡಿ ಬಂತು. ‘ತಪ್ಪೊಪ್ಪಿಗೆ’ಗಳ ಮೂರನೆಯ ಭಾಗದಲ್ಲಿ ಅಗಸ್ಟೀನರು ಕನಸಿನ ಊಟವನ್ನು ನೆನೆಯುತ್ತಾರೆ. ಕನಸಿನ ಊಟ ಎಚ್ಚರದ ಊಟದಂತೆಯೇ ಕಾಣುತ್ತದೆ, ಆದರೆ ಮಲಗಿದವನ ಹೊಟ್ಟೆ ತುಂಬುವುದಿಲ್ಲ. ಆ ಹುಡುಗಿ ಎಚ್ಚರವಾಗಿದ್ದಳು.

ಹಾಗಾದರೆ ಉಳಿದದ್ದನ್ನು ಅವಳಿಗೆ ಕೊಡಬಹುದಿತ್ತೇ? ಅದೂ ಆಗದು. ಎಣ್ಣೆ, ಗ್ಲಿಸರಿನ್ ಬೆರೆತದ್ದಂತೂ ಬಿಡಿ. ಶುದ್ಧ ಅಡುಗೆಯನ್ನೇ ಆದರೂ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಿಕ್ಕ ಆಹಾರವನ್ನು ಹಂಚುವುದಕ್ಕೆಂದೇ ನಮ್ಮ ದೇಶದಲ್ಲಿ 2019ರಲ್ಲಿ ನಿಯಮಾವಳಿ ಬಂದಿದೆ. ನಮ್ಮ ಮಕ್ಕಳಿಗೆ ಕೊಡಲು ಹೆದರುವ ಅನ್ನವನ್ನು ಬಡವರ ಮಕ್ಕಳಿಗೆ ಕೊಟ್ಟು ಪುಣ್ಯವೆಂದುಕೊಳ್ಳುವುದು ಇನ್ನೊಂದು ಸುಳ್ಳು. ಆದ್ದರಿಂದ ಗುಂಡಿ ತೋಡಿದ್ದು ತಪ್ಪಲ್ಲ. ತಪ್ಪು ಅದಕ್ಕಿಂತ ಎರಡು ದಿನ ಮೊದಲು ಆಗಿತ್ತು. ಎಷ್ಟು ಅಡುಗೆ ನಿಜವಾಗಿರಬೇಕು, ಎಷ್ಟು ಮಣ್ಣು, ಮೇಣ, ರಟ್ಟಿನದ್ದಾಗಬಹುದು ಎಂದು ಯಾರೂ ಕೇಳಲಿಲ್ಲ. ನೋಡಲು ಬರುವ ಮಕ್ಕಳಿಗೆ ಏನು ಕೊಡೋಣ ಎಂದೂ ಯಾರೂ ಕೇಳಲಿಲ್ಲ. ಅದನ್ನು ಕೇಳಬೇಕಾದದ್ದು ನಿರ್ದೇಶಕನಿರಬಹುದು. ಆದರೆ ಒಲೆಯ ಮುಂದೆ ನಿಂತವನಿಗೆ ಅನ್ನದ ಬೆಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದವನೇ ಮೊದಲು ಬಾಯಿ ತೆರೆಯಬೇಕು.

ನಮ್ಮ ಮನೆಯ ಚಿತ್ರೀಕರಣ

ಪ್ರಿಯ ಓದುಗರೇ, ಇಲ್ಲಿಯವರೆಗೆ ಓದಿ ಸಿನಿಮಾದವರ ಮೇಲೆ ಕೋಪ ಬಂದಿದ್ದರೆ ಸ್ವಲ್ಪ ತಡೆಯಿರಿ. ಅದೇ ಅಡುಗೆಯವರು ಎದ್ದು ಹೋಗುವಾಗ ಇನ್ನೊಂದು ಮಾತು ಹೇಳಿದರು: “ಶೂಟಿಂಗ್‌ನಲ್ಲಿ ಎರಡು ದಿನಕ್ಕೆ ಎಷ್ಟು ಹಾಳಾಯ್ತೋ, ದೊಡ್ಡ ಮದುವೇಲಿ ಒಂದೇ ಮಧ್ಯಾಹ್ನಕ್ಕೆ ಅಷ್ಟು ಹಾಳಾಗುತ್ತೆ ಸ್ವಾಮಿ. ಅಲ್ಲಿ ಯಾರಿಗೂ ಬೇಜಾರಾಗಲ್ಲ.”

ನಮ್ಮ ಮದುವೆಗಳನ್ನು ನೆನೆಯಿರಿ. ಎಲೆಯ ಮೇಲೆ ಎಷ್ಟು ಬಗೆ ಇರಬೇಕೆಂದು ನಿರ್ಧರಿಸುವುದು ಉಣ್ಣುವವರ ಹಸಿವೇ, ಬೀಗರ ಕಣ್ಣೇ? ವಿಡಿಯೋದವರು ದೀಪ ಹಿಡಿದು ಪಂಕ್ತಿಯ ಉದ್ದಕ್ಕೂ ನಡೆಯುವಾಗ ಮುಟ್ಟದ ಸಿಹಿ, ಅರೆ ತಿಂದ ಪಲಾವ್, ಕಚ್ಚಿ ಬಿಟ್ಟ ಮಾಂಸ ಎಲ್ಲ ಎಲೆಯೊಳಗೆ ಮಡಚಿಕೊಳ್ಳುತ್ತವೆ. ಕಡೂರಿನ ಬಯಲಲ್ಲಿ ಮಳೆ ನಂಬಿ ರಾಗಿ ಬಿತ್ತುವವನ, ಅಜ್ಜಂಪುರದಲ್ಲಿ ಈರುಳ್ಳಿಗೆ ಬೆಲೆ ಬರದೆ ತಲೆಗೆ ಕೈಹೊತ್ತು ಕೂರುವವನ ಮನೆಯ ಮದುವೆಯಲ್ಲೂ ಈಗ ಇದೇ ನಡೆಯುತ್ತದೆ, ಅದೂ ಸಾಲ ಮಾಡಿ. ಅಲ್ಲಿ ಗ್ಲಿಸರಿನ್ ಸಿಂಪಡಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಆ ಊಟವೂ ನೋಡಲಿಕ್ಕೆ ಮಾಡಿದ್ದೇ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, 2022ರ ಒಂದೇ ವರ್ಷದಲ್ಲಿ ಜಗತ್ತಿನ ಅಂಗಡಿ, ಹೋಟೆಲು, ಮನೆಗಳಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತು. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಹಾಳಾದದ್ದು ಮನೆಗಳಲ್ಲಿ. ಯಾವ ಚಿತ್ರೀಕರಣದ ತಂಡವೂ ಈ ಲೆಕ್ಕಕ್ಕೆ ಸಮವಾಗಲಾರದು. 2013ರ ಜೂನ್ 5ರಂದು ವಿಶ್ವ ಪರಿಸರ ದಿನದ ಸಂದರ್ಭದಲ್ಲಿ ಅಂದಿನ ಪೋಪ್ ಫ್ರಾನ್ಸಿಸ್ ಅವರು, ಎಸೆದ ಅನ್ನವನ್ನು ಬಡವರ ಪಂಕ್ತಿಯಿಂದ ಕದ್ದ ಅನ್ನಕ್ಕೆ ಹೋಲಿಸಿದ್ದರು.

ಹಾಗೆಂದು ಹಬ್ಬದ ಊಟವೇ ಬೇಡವೆಂದು ನಾನು ಹೇಳುತ್ತಿಲ್ಲ. ಅದೇ ಪೋಪರು ಕುಟುಂಬದ ಪ್ರೀತಿಯನ್ನು ಕುರಿತ 2016ರ ಪ್ರೇರಣಾ ಪತ್ರದಲ್ಲಿ ಒಂದು ಸಿನಿಮಾವನ್ನು ನೆನೆದರು. ಅದು 1987ರ ಡೆನ್ಮಾರ್ಕಿನ ಚಿತ್ರ, ‘ಬಾಬೆಟ್‌ಳ ಔತಣ’. ಫ್ರಾನ್ಸಿನಿಂದ ಓಡಿಬಂದು ಹಳ್ಳಿಯೊಂದರಲ್ಲಿ ಅಡುಗೆಯವಳಾಗಿ ಬದುಕುವ ಹೆಂಗಸಿಗೆ ಲಾಟರಿಯಲ್ಲಿ ಹತ್ತು ಸಾವಿರ ಫ್ರಾಂಕ್ ಬರುತ್ತದೆ. ಅವಳು ಅಷ್ಟನ್ನೂ ಹನ್ನೆರಡು ಜನರ ಒಂದು ರಾತ್ರಿಯ ಊಟಕ್ಕೆ ಖರ್ಚು ಮಾಡುತ್ತಾಳೆ. ಲೆಕ್ಕ ಹಾಕಿದರೆ ಅದೂ ದುಂದೇ. ಆದರೆ ಆ ಊಟ ಉಂಡವರು ಹಳೆಯ ಜಗಳ ಮರೆತು ಒಬ್ಬರ ಕೈ ಒಬ್ಬರು ಹಿಡಿಯುತ್ತಾರೆ. ಅವಳು ಅಡುಗೆ ಮಾಡಿದ್ದು ಎದುರಿಗೆ ಕೂತವರಿಗಾಗಿ. ನಾವು ಮದುವೆಗೆ ಅಡುಗೆಯ ಪಟ್ಟಿ ಬರೆಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಇದು ಎದುರಿಗೆ ಕೂತವನ ಬಾಯಿಗೋ, ನೋಡುವವನ ಕಣ್ಣಿಗೋ?

ಈ ಪ್ರಶ್ನೆಯನ್ನು ಮನೆಯಲ್ಲಿ ಮಕ್ಕಳ ಎದುರಿಗೆ ಕೇಳಿ. ಎಲೆಯಲ್ಲಿ ಬೇಡದ್ದನ್ನು ಬಡಿಸುವಾಗಲೇ ಬೇಡವೆನ್ನುವುದನ್ನು ಅವರಿಗೆ ಕಲಿಸಿ. ಮಿಗಬಹುದಾದ ಅಡುಗೆಯನ್ನು ಬಿಸಿಯಿರುವಾಗಲೇ, ಎಲೆಗೆ ಹೋಗುವ ಮೊದಲೇ ತೆಗೆದಿರಿಸಿ, ಯಾರಿಗೆ ಕೊಡಬೇಕೆಂದು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ. ಚಪ್ಪರದ ಹೊರಗೆ ನಿಂತವರನ್ನು ಕೊನೆಯ ಪಂಕ್ತಿಗೆ ಉಳಿಸಬೇಡಿ.

ನಮ್ಮ ಅಡುಗೆಯವರಿಗೆ ನಾನು ಕೊನೆಗೆ ಹೇಳಿದ್ದು: ಈ ಕೆಲಸ ಬಿಡಬೇಕಾಗಿಲ್ಲ, ಆದರೆ ಅದನ್ನು ಮಾಡುವ ಮೊದಲು ಬಾಯಿ ತೆರೆಯಬೇಕು. ಕೆಲವು ತಿಂಗಳ ಬಳಿಕ ತರೀಕೆರೆಯ ಕಡೆ ಇನ್ನೊಂದು ತಂಡ ಅವರನ್ನು ಕರೆಯಿತು. ಈ ಸಲ ಅವರು ಮೊದಲೇ ಮಾತನಾಡಿದರು. ಹಿಂದಿನ ಸಾಲಿನ ಎಲೆಗಳಿಗೆ ಬಣ್ಣ ಬಳಿದ ರಟ್ಟು, ಮುಂದಿನ ಹತ್ತು ಎಲೆಗೆ ಮಾತ್ರ ಅನ್ನ, ಅದಕ್ಕೆ ಸವರಲು ಅಡುಗೆ ಎಣ್ಣೆ. ತಂಡದವರು ತಕರಾರಿಲ್ಲದೆ ಒಪ್ಪಿದರಂತೆ, ಅವರಿಗೆ ಖರ್ಚೂ ಉಳಿಯಿತು. ಬೆಳಿಗ್ಗೆ ಕ್ಯಾಮೆರಾ ಇಡುವ ಮೊದಲು ಇವರು ತಮ್ಮ ಖರ್ಚಿನಲ್ಲಿ ಒಂದು ಹಂಡೆ ಚಿತ್ರಾನ್ನ ಮಾಡಿ, ನೋಡಲು ಬಂದ ಮಕ್ಕಳನ್ನೆಲ್ಲ ಕೂರಿಸಿ ಬಡಿಸಿದರು.

“ಆ ಹುಡುಗಿ ಊರು ಬೇರೆ ಸ್ವಾಮಿ, ಅವಳು ಅಲ್ಲಿರಲಿಲ್ಲ” ಎಂದು ಹೇಳುವಾಗ ಅವರ ದನಿ ಸಣ್ಣದಾಯಿತು. ಅಜ್ಜಂಪುರದ ದಾರಿಯಲ್ಲಿ ಹೋಗುವಾಗಲೆಲ್ಲ ಅವರು ಆ ಹಳ್ಳಿಯ ತಿರುವಿನಲ್ಲಿ ಒಂದು ಸಲ ಗಾಡಿ ನಿಧಾನ ಮಾಡುತ್ತಾರಂತೆ.